ಹೆಡ್‌ಮಾಸ್ಟರಿಗೆ ಯಾವ ಬಣ್ಣದ ಚೀಟಿ?

ಅರವತ್ತು ದಾಟಿದ ಮೇಲೆ ಟೈಲರಕ್ಕ ಮತ್ತೆ ಮದುವೆಯಾದಾಗ, ಜನರ ಬಾಯಿ ಮುಚ್ಚಲು ಅವಳ ಅಂಗಡಿಯ ಬಟ್ಟೆಯೆಲ್ಲ ಸೇರಿದರೂ ಸಾಲದಾಯಿತು. ವರ ನಿವೃತ್ತ ಹೆಡ್‌ಮಾಸ್ಟರು. ಇಬ್ಬರ ಮೊದಲ ಸಂಗಾತಿಗಳೂ ತೀರಿಕೊಂಡಿದ್ದರು. ಅವರಿಗೆ ಒಬ್ಬ ಮಗ, ಒಬ್ಬ ಮಗಳು, ಇವಳಿಗೆ ಒಬ್ಬಳೇ ಮಗಳು. ಹೆಡ್‌ಮಾಸ್ಟರು ನಿವೃತ್ತರಾಗಿದ್ದರೂ ಅವರ ಗಂಟಲು ಇನ್ನೂ ಸೇವೆಯಲ್ಲಿತ್ತು. ಹಾಲು ತರಿಸುವುದಕ್ಕೂ ಸುತ್ತೋಲೆ ಹೊರಡಿಸುವ ಧಾಟಿ.

ಬಾಡಿಗೆ ಮನೆ ಬಿಟ್ಟು ಅವರ ಮನೆಗೆ ಬಂದ ಟೈಲರಕ್ಕ ಹೊಲಿಗೆ ಯಂತ್ರವನ್ನು ಬಾಗಿಲ ಪಕ್ಕದ ಕತ್ತಲು ಮೂಲೆಯಲ್ಲೇ ಇಟ್ಟಳು. ಕಿಟಕಿಯ ಕೆಳಗೆ ಹಾಕಿಕೋ ಎಂದರೆ, ಮೊದಲು ಒಂದು ಮಾತು ಇತ್ಯರ್ಥವಾಗಲಿ ಅನ್ನುವಳು. ಇವರು ಕಣ್ಣು ಮುಚ್ಚಿದ ಮೇಲೆ ತಾನು ಎಲ್ಲಿಗೆ ಹೋಗಬೇಕು? ಮನೆ ಕೊನೆಗೆ ಅವರ ಮಕ್ಕಳದೇ ಆಗಲಿ, ಬೇಡವೆಂದವರಾರು. ತಾನು ಬದುಕಿರುವವರೆಗೆ ಇಲ್ಲಿರಬಹುದು ಎಂದು ಬರೆದಿಟ್ಟರೆ ಸಾಕು.

"ನಾನಿರೋವಾಗ ನಿಂಗ್ಯಾಕೆ ಚಿಂತೆ?"

"ನೀವಿರೋವಾಗಿನ ಮಾತಲ್ಲ ರೀ, ನೀವಿಲ್ಲದಾಗಿನ ಮಾತು."

ತಾವಿಲ್ಲದ ಜಗತ್ತು ಹೆಡ್‌ಮಾಸ್ಟರರ ಊಹೆಗೇ ನಿಲುಕಲಿಲ್ಲ.

ಅವರ ಮಕ್ಕಳಿಗೆ ಚೆನ್ನಾಗಿಯೇ ನಿಲುಕಿತ್ತು. ಒಂದು ಭಾನುವಾರ ಅಣ್ಣತಂಗಿ ಬಣ್ಣದ ಅಂಟುಚೀಟಿ ಹಿಡಿದು ಬಂದರು. ಅಣ್ಣನದು ಕೆಂಪು, ತಂಗಿಯದು ನೀಲಿ. ಮುಂದೆ ಜಗಳ ಬೇಡ ಅಂತ ಅಷ್ಟೇ ಎನ್ನುತ್ತಾ ಬೀರು, ಮಂಚ, ಗೋಡೆ ಗಡಿಯಾರಗಳಿಗೆಲ್ಲ ಅಂಟಿಸಿದರು. ಹೆಡ್‌ಮಾಸ್ಟರು ಬೆನ್ನ ಹಿಂದೆ ಕೈ ಕಟ್ಟಿ ತಪಾಸಣೆಗೆ ಬಂದವರಂತೆ ಹಿಂದೆಯೇ ನಡೆದು, ಸೊಟ್ಟಗಿದ್ದ ಚೀಟಿಗಳನ್ನು ನೆಟ್ಟಗೆ ಮಾಡಿಸಿದರು. ಟೈಲರಕ್ಕನ ಕುರ್ಚಿಯ ಮುಂದೆ ನಿಂತ ಮಗ, ಸ್ವಲ್ಪ ಏಳ್ತೀರಾ ಎಂದ. ಎದ್ದಳು. ಅದನ್ನೂ ನುಂಗಿಕೊಂಡಳು.

ಆಮೇಲೆ ಮಗಳು ಬಾಗಿಲ ಮೂಲೆಗೆ ಹೋಗಿ, ಇದು ನಮ್ಮಮ್ಮನ ಮಿಷನ್ನೇ ಇರಬೇಕು ಎಂದು ಯಂತ್ರದ ಕತ್ತಿಗೆ ನೀಲಿ ಚೀಟಿ ಒತ್ತಿದಳು. ಆ ಯಂತ್ರ ತುಳಿದೇ ಟೈಲರಕ್ಕ ಮೊದಲ ಗಂಡನ ಆಸ್ಪತ್ರೆ ಖರ್ಚು ತೂಗಿಸಿದ್ದು, ತನ್ನ ಮಗಳನ್ನು ಓದಿಸಿದ್ದು. ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸೋರನ್ನ ಕಂಡಿದ್ದೀನಮ್ಮ, ನಾನೇ ಹೊಲ್ಕೊಟ್ಟಿದ್ದೀನಿ," ಎಂದಳು. "ಅಪ್ಪ ಉಸಿರಾಡ್ತಿರೋವಾಗ್ಲೇ ಮನೆ ಅಳತೆ ತಗೊಳ್ಳೋರನ್ನ ಇವತ್ತೇ ಕಂಡಿದ್ದು."

ಚೀಟಿ ಕಿತ್ತು ಹೆಡ್‌ಮಾಸ್ಟರರ ಅಂಗಿಯ ಜೇಬಿಗೆ ಅಂಟಿಸಿದಳು. "ಎಲ್ಲಕ್ಕೂ ಹಚ್ಚಿದ್ರಿ, ಇವ್ರೊಬ್ರನ್ನ ಮರೆತ್ರಿ. ಮಂಡಿನೋವು, ಗೊರಕೆ, ಮಾತ್ರೆ ಎಲ್ಲ ಸೇರಿಸಿ ಹೇಳಿ. ಕೆಂಪೋ, ನೀಲಿನೋ?"

ಮಗ ತನ್ನ ಪಾಲಿನ ಗಡಿಯಾರ ನೋಡಿದ. ಮಗಳು, ನಮ್ಮನೇಲಿ ಕೋಣೆ ಚಿಕ್ಕದು ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು. ಹೆಡ್‌ಮಾಸ್ಟರು ಇಬ್ಬರ ಮುಖವನ್ನೂ ನೋಡಿದರು. ಇಷ್ಟು ನಿಶ್ಶಬ್ದವಾದ ತರಗತಿಯನ್ನು ಅವರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ.

ಮಾರನೇ ದಿನ ಅಂಗಿಯನ್ನೂ ಬದಲಿಸದೆ ವಕೀಲರ ಬಳಿ ಹೋದರು. ಜೇಬಿನ ಮೇಲಿದ್ದ ನೀಲಿ ಚೀಟಿ ಏನೆಂದು ವಕೀಲರು ಕೇಳಿದ್ದಕ್ಕೆ, ಸಾಕ್ಷಿ ಎಂದರಂತೆ. ಉಯಿಲಾಯಿತು: ಹೆಂಡತಿ ತನ್ನ ಕೊನೆಯವರೆಗೂ ಆ ಮನೆಯಲ್ಲಿರಬಹುದು, ಯಾರೂ ಎಬ್ಬಿಸಕೂಡದು, ಅನಂತರ ಮಕ್ಕಳಿಬ್ಬರಿಗೂ ಸಮಪಾಲು. ಟೈಲರಕ್ಕನೂ ಅಂಗಡಿ, ಯಂತ್ರ ತನ್ನ ಮಗಳಿಗೆಂದು ಬರೆಸಿದಳು.

"ಮನುಷ್ಯನಿಗೆ ದೂರದೃಷ್ಟಿ ಇರ್ಬೇಕು ಕಣೇ," ಎಂದರು ಹೆಡ್‌ಮಾಸ್ಟರು, ಉಪಾಯವೆಲ್ಲ ತಮ್ಮದೇ ಎಂಬಂತೆ.

ಕೇಳಿದಾಗಲೇ ಬರೆಯಲು ಇವರಿಗೇನಾಗಿತ್ತು ಎಂಬ ಉರಿ ಅವಳಲ್ಲಿ ಇನ್ನೂ ಆರಿರಲಿಲ್ಲ.

"ದೃಷ್ಟಿ ಆಮೇಲೆ. ಈಗ ಮಿಷನ್ನಿನ ಆ ತುದಿ ಹಿಡ್ಕೊಳ್ಳಿ, ಕಿಟಕಿ ಹತ್ರ ಹೋಗ್ಬೇಕು."

ಹೆಡ್‌ಮಾಸ್ಟರು ಸೊಂಟ ಹಿಡಿದುಕೊಂಡು ಬಗ್ಗಿದರು.