ಹಗ್ಗದೊಳಗಿನ ನೆಲ

ನನ್ನ ಮೊಮ್ಮಗಳು ಡ್ರೋನ್ ಹಾರಿಸುತ್ತಾಳೆ. ಪರೀಕ್ಷೆ ಕೊಟ್ಟು ಸರಕಾರದ ಸರ್ಟಿಫಿಕೇಟು ಪಡೆದವಳು. ಮಳೆಗಾಲದಲ್ಲಿ ತೊಗರಿ ಹೊಲಗಳಿಗೆ ಔಷಧ ಹೊಡೆಯುತ್ತಾಳೆ, ಲಗ್ನದ ದಿನಗಳಲ್ಲಿ ಮದುವೆಗಳ ವಿಡಿಯೊ ತೆಗೆಯುತ್ತಾಳೆ. ನಾನು ಎರಡನೇ ಇಯತ್ತೆಗೇ ಶಾಲೆ ಬಿಟ್ಟು ಅಪ್ಪನ ಕುರಿಗಳ ಹಿಂದೆ ಹೋದವಳು. ಆದರೂ ಅವಳ ಜೊತೆ ಹೋಗುವುದು ನಾನೇ. ಅವಳ ಕಣ್ಣು ಆಕಾಶದಲ್ಲಿರುವಾಗ ನೆಲ ನೋಡಲು ಒಬ್ಬರು ಬೇಕು.

ನನ್ನ ಕೆಲಸ ಇಷ್ಟೇ. ಡ್ರೋನ್ ಏರುವ, ಇಳಿಯುವ ಜಾಗಕ್ಕೆ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟುವುದು. ರೆಕ್ಕೆ ನಿಲ್ಲುವ ತನಕ ಯಾರನ್ನೂ ಒಳಗೆ ಬಿಡಬಾರದು. ಕಾಳು ಒಕ್ಕುವ ರಾಶಿ ಯಂತ್ರಕ್ಕೆ ಬೆರಳು ಕೊಟ್ಟವರನ್ನು ಕಂಡಿದ್ದೇನೆ. ಇದರ ರೆಕ್ಕೆಯೂ ಬೆರಳು ನೋಡಿ ನಿಲ್ಲುವಂಥದ್ದಲ್ಲ.

ಬೀದರಿನಲ್ಲಿ ನಮ್ಮ ಮನೆ ಇರುವ ಕಡೆ ಅವಳು ಅದನ್ನು ಪೆಟ್ಟಿಗೆಯಿಂದ ತೆಗೆಯುವುದೂ ಇಲ್ಲ. ವಿಮಾನ ಹಾರುವ ಊರು, ಫೋನಿನ ನಕ್ಷೆಯಲ್ಲಿ ನಮ್ಮ ಓಣಿ ಪೂರಾ ಕೆಂಪು, ಅಂದರೆ ಡ್ರೋನ್ ಏರಿಸುವ ಹಾಗಿಲ್ಲ. ಓಣಿಯ ಹೆಂಗಸರು ನಗುತ್ತಾರೆ: "ನಿನ್ನ ಮೊಮ್ಮಗಳ ಹಕ್ಕಿ ಊರ ಹೊರಗಷ್ಟೇ ಹಾರ್ತದೇನ?" ನಗಲಿ.

ಹೋದ ವರ್ಷ ಭಾಲ್ಕಿಯ ಹೊರಗೆ ಒಂದು ದೊಡ್ಡ ಲಗ್ನ. ಮದುಮಗಳ ಸೋದರಮಾವ ಗುಲಾಬಿ ಫೇಟಾ ಸುತ್ತಿಕೊಂಡು ಎಲ್ಲರಿಗೂ ಹುಕುಂ ಮಾಡುತ್ತಿದ್ದ. ಅಕ್ಷತೆ ಬೀಳುವಾಗ ಡ್ರೋನ್ ಜನರ ನೆತ್ತಿಯ ಮೇಲೆ ಬಂದು ಹೂವು ಉದುರಿಸಬೇಕು ಎಂದ.

"ಜನರ ಮ್ಯಾಲ ತರಂಗಿಲ್ರಿ ಮಾಮಾ. ಅದಕ್ಕ ಪರವಾನಗಿ ಇಲ್ಲ. ಕಬ್ಬಿನ ಮ್ಯಾಲ ನಿಂದ್ರಸಿ ಬಾಜೂದಿಂದ ತೆಗೀತೇನಿ" ಎಂದಳು ಮೊಮ್ಮಗಳು.

"ನಮ್ಮ ಬೀಗರ ಲಗ್ನದಾಗ ನೆತ್ತಿ ಮ್ಯಾಲೇ ಹಾರ್ಸಿದ್ರಲ್ಲ?"

"ಅವ್ರ ಹತ್ರ ಸರ್ಟಿಫಿಕೇಟೇ ಇಲ್ಲಂದ್ರ ಕಳಕೊಳ್ಳೋದು ಏನದರಿ? ನಂದು ಹೋದ್ರ ಹೊಲದ ಕೆಲಸನೂ ಹೋಗ್ತದ."

ಅವನು ನನ್ನ ಕಡೆ ತಿರುಗಿದ. "ಆಯಿ, ನೀವರ ಹೇಳ್ರಿ."

"ನಿನ್ನ ತಲಿ ಮ್ಯಾಲ ಬೀಸೋಕಲ್ಲು ಜೋತು ಬಿಟ್ರ ಉಣ್ತಿಯೇನಪ್ಪ?" ಎಂದೆ.

ಅವನು ನಕ್ಕು ಬೇರೆಯವರಿಗೆ ಹುಕುಂ ಮಾಡಲು ಹೋದ. ನಾನು ದೊಡ್ಡ ಮಾತಾಡಿದೆ. ಅದಕ್ಕೇ ಮುಂದಿನದನ್ನು ಮುಚ್ಚಿಡದೆ ಹೇಳುತ್ತೇನೆ.

ಹಗ್ಗ ಕಟ್ಟಲು ಜಾಗ ಆರಿಸಿದ್ದು ನಾನೇ. ಒಂದು ಕಡೆ ಕಬ್ಬು, ಒಂದು ಕಡೆ ಮಂಟಪ, ಇನ್ನೊಂದು ಕಡೆ ಊಟದ ಶಾಮಿಯಾನಾ, ನಡುವೆ ಸಪಾಟು ನೆಲ. ಕರೆಂಟಿನ ತಂತಿ ಇರಲಿಲ್ಲ. "ಇಲ್ಲಿ ಜನ ಬರಂಗಿಲ್ಲಲ್ಲ ಆಯಿ?" ಎಂದು ಅವಳು ಕೇಳಿದಳು. "ಎಲ್ಲಾರೂ ಮಂಟಪದಾಗ ಅದಾರ" ಎಂದೆ. ಹಿಂಡು ಎಲ್ಲಿ ನಿಂತಿದೆ ಎಂದು ನೋಡಿದೆ. ಎತ್ತ ಹೋಗುತ್ತದೆ ಎಂದು ನೋಡಲಿಲ್ಲ.

ಡ್ರೋನ್ ಏರಿ ಕಬ್ಬಿನ ಮೇಲೆ ನಿಂತಿತು. ಭಟ್ಟರು ಮಂತ್ರ ಎತ್ತಿದರು. ತಾಟು ಹಿಡಿದ ಹೆಣ್ಣುಮಗಳೊಬ್ಬಳು ನನ್ನ ಕೈಗೂ ಅಕ್ಷತೆ ಹಾಕಿದಳು. "ಹಿರ್ಯಾರು ನೀವೇ ದೂರ ನಿಂತ್ರ ಹ್ಯಾಂಗರಿ?" ಅಕ್ಷತೆ ಹಾಕದೆ ಲಗ್ನದ ಊಟ ಉಣ್ಣಬಾರದು ಎನ್ನುವುದು ನಮ್ಮ ಕಡೆಯ ಮಾತು. ಹೋಗಲು ಇಪ್ಪತ್ತು ಹೆಜ್ಜೆ, ಬರಲು ಇಪ್ಪತ್ತು. ಮೊಮ್ಮಗಳಿಗೆ ಹೇಳದೆ ಹಗ್ಗ ಬಿಟ್ಟು ಹೋದೆ.

ಅಕ್ಷತೆ ಬಿತ್ತು, ಬ್ಯಾಂಡ್ ಬಡಿಯಿತು. ಆಮೇಲೆ ಮದುಮಕ್ಕಳನ್ನು ಯಾರು ನೋಡುತ್ತಾರೆ? ಊಟದ ಮೊದಲ ಪಂಗತಿ ತಪ್ಪಿದರೆ ತಾಸುಗಟ್ಟಲೆ ಕಾಯಬೇಕು. ಇಡೀ ಮಂಟಪ ಎದ್ದು ಊಟದ ಕಡೆ ನುಗ್ಗಿತು, ನನ್ನ ಹಗ್ಗ ತುಳಿದುಕೊಂಡೇ. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಗೂಟ ಕಾಣದಷ್ಟು ಜನ.

"ಆಯಿ! ಎಲ್ಲಿ ಹೋಗಿದ್ದಿ? ಬ್ಯಾಟರಿ ಮುಗೀಲತ್ತದ, ನೆಲ ಖಾಲಿ ಮಾಡಸು!" ಮೊಮ್ಮಗಳು ಬದುವಿನ ಮೇಲಿಂದ ಕೂಗಿದಳು. ಅವಳ ಕೈಯ ಯಂತ್ರ ಕುಂಯ್ ಕುಂಯ್ ಎನ್ನುತ್ತಿತ್ತು. ಬ್ಯಾಟರಿ ಇಳಿದರೆ ಡ್ರೋನ್ ಹಟ್ಟಿಗೆ ಬರುವ ಕುರಿಯ ಹಾಗೆ ಏರಿದ ಜಾಗಕ್ಕೇ ಮರಳುತ್ತದೆ. ಅದು ಈ ಕಡೆ ಮುಖ ಮಾಡಿತ್ತು. ಅವಳು ಹೆಬ್ಬೆರಳಿನಿಂದ ಅದನ್ನು ಕಬ್ಬಿನ ಮೇಲೆ ತಡೆದು ಹಿಡಿದಿದ್ದಳು. "ಆಗ್ಲಿಲ್ಲಂದ್ರ ಕಬ್ಬಿನಾಗೇ ಕೆಡವ್ತೇನಿ. ಜನರ ಮ್ಯಾಲ ತರಂಗಿಲ್ಲ!"

ಕೆಡವಿದರೆ ಅವಳ ಅನ್ನ ಕಬ್ಬಿನಲ್ಲಿ ಬಿದ್ದ ಹಾಗೆ. ಔಷಧ ಹೊಡೆಯುವ ಡ್ರೋನ್ ಬಾಡಿಗೆಯದು, ಅವಳ ಸ್ವಂತದ್ದು ಅದೊಂದೇ ಇತ್ತು.

ನಾನು ಕೂಗಿದೆ, ಕೋಲು ಅಡ್ಡ ಹಿಡಿದೆ. ಒಬ್ಬ ಗಂಡಸು, "ಸಾಲಾಗ ಬರ್ರಿ ಆಯಿ, ನಮಗೂ ಹಸಿವಾಗ್ಯಾದ" ಎಂದ. ಸುತ್ತಲಿನವರು ನಕ್ಕರು. ಮುಂದಿನಿಂದ ಕೋಲು ತೋರಿಸಿದರೆ ಹಿಂಡು ಚದುರುತ್ತದೆಯೇ ಹೊರತು ತಿರುಗುವುದಿಲ್ಲ. ಮುಂದಿರುವ ಹೋತದ ಕಿವಿ ಹಿಡಿ ಎನ್ನುತ್ತಿದ್ದ ಅಪ್ಪ. ಕಣ್ಣಾಡಿಸಿದೆ. ಗುಲಾಬಿ ಫೇಟಾ ಕಂಡಿತು.

ಸೋದರಮಾವನ ರಟ್ಟೆ ಹಿಡಿದೆ. "ನಡಿ ಆ ಕಡಿ. ಪಂಗತಿ ಹಿಂದಿನ ಬಾಗಿಲದಿಂದ ಅಂತ ಕೂಗು."

"ಏನಾಯ್ತು ಆಯಿ?"

"ಮ್ಯಾಲ ನೋಡು, ತಿಳೀತದ."

ನೋಡಿದ. ಕೂಗುತ್ತ ನಡೆದ. ಜನ ಅವನ ಫೇಟಾದ ಹಿಂದೆ ತಿರುಗಿದರು. ಹಗ್ಗದೊಳಗೆ ನನ್ನ ವಯಸ್ಸಿನ ಒಬ್ಬ ಮುದುಕಿ ಮಾತ್ರ ಮೊಣಕಾಲು ಚಾಚಿ ಕುಳಿತೇ ಇದ್ದಳು. ಕಂಕುಳಿಗೆ ಕೈ ಹಾಕಿ ದರದರ ಎಳೆದೆ. "ನಿನ್ನ ಹೆಣ ಎತ್ಲಿ!" ಎಂದು ಬೈದಳು. ಬೈಯಲಿ.

ಡ್ರೋನ್ ವಾಲಾಡುತ್ತ ಇಳಿಯಿತು. ಒಂದು ರೆಕ್ಕೆ ಗೂಟಕ್ಕೆ ತಾಗಿ ತುಂಡಾಗಿ ಹಾರಿ, ಆ ಮುದುಕಿ ಕುಳಿತಿದ್ದ ಮಣ್ಣಿನಲ್ಲಿ ಚುಚ್ಚಿಕೊಂಡು ನಿಂತಿತು. ಅವಳು ಬೈಯುವುದನ್ನು ನಿಲ್ಲಿಸಿದಳು.

ಬಸ್ಸಿನಲ್ಲಿ ಬೀದರಿಗೆ ಮರಳಿದೆವು. ಮನೆಗೆ ಬಂದು ಮೊಮ್ಮಗಳು, ಪ್ರತಿ ಹಾರಾಟವನ್ನೂ ಬರೆದಿಡುವ ವಹಿ ತೆಗೆದಳು. ಬರೆದು, ನನಗೆ ಓದಿ ಹೇಳಿದಳು: ಕಾವಲಿನವರು ಜಾಗ ಬಿಟ್ಟಿದ್ದರಿಂದ ಜನ ಸೇರಿದರು.

"ಕಾವಲಿನವರು ಅಂತ ಯಾಕ ಬರೀತಿ? ಆಯಿ ಅಂತ ಬರಿ."

"ಅದ್ರಾಗ ಹಂಗ ಬರಿಯಂಗಿಲ್ಲ."

"ಹಂಗಾರ ನನ್ನ ಸಹಿ ತಗೋ."

ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದೆ. ಅವಳು ತಡೆಯಲಿಲ್ಲ. ವಹಿ ಮುಚ್ಚಿ ಕೇಳಿದಳು: "ಔರಾದಿನ ಲಗ್ನಕ್ಕ ಬರ್ತಿಯೋ, ಬ್ಯಾರೆಯವ್ರನ್ನ ನೋಡ್ಲೋ?"

"ಬರ್ತೇನಿ."

ಔರಾದಿನಲ್ಲಿ ಇಳಿದ ಕೂಡಲೇ ನಾನು ಮಂಟಪ ಕೇಳಲಿಲ್ಲ, ಊಟ ಎಲ್ಲಿ ಎಂದು ಕೇಳಿದೆ. ಅದಕ್ಕೆ ಬೆನ್ನು ಮಾಡಿ, ಮಂಟಪದ ಆಚೆ ಹಗ್ಗ ಕಟ್ಟಿದೆ. ಕಟಾವಾದ ಕಡಲೆ ಹೊಲದಲ್ಲಿ ಇನ್ನೊಂದು ಜಾಗವನ್ನೂ ಇಳಿಯಲು ಗುರುತು ಮಾಡಿಸಿದೆ. ಅಲ್ಲಿಯೂ ಯಾರೋ ಕೈಗೆ ಅಕ್ಷತೆ ಹಾಕಿದರು. ಮುಷ್ಟಿ ಕಟ್ಟಿ ನಿಂತೆ. ಅಕ್ಷತೆ ಬಿತ್ತು, ಬ್ಯಾಂಡ್ ಬಡಿಯಿತು, ಜನ ಆಚೆ ಕಡೆ ಉಣ್ಣಲು ಓಡಿದರು. ಡ್ರೋನ್ ಇಳಿಯಿತು. ನಾಲ್ಕೂ ರೆಕ್ಕೆ ನಿಂತ ಮೇಲೆ ಕೈ ಬಿಚ್ಚಿದೆ. ಬೆವರಿಗೆ ಅಂಗೈ ಹಳದಿಯಾಗಿತ್ತು.

ಹೋಗಿ ನೋಡಿದರೆ ಮದುಮಕ್ಕಳು ಊಟಕ್ಕೆ ಕುಳಿತಿದ್ದರು. ತಲೆಯ ಮೇಲೆ ಅಕ್ಷತೆ ಹಾಕಿದೆ. ನಾಲ್ಕು ಕಾಳು ಮದುಮಗನ ಸಾರಿಗೆ ಬಿದ್ದವು.

"ಇಷ್ಟೊತ್ತಿಗೇನ್ರಿ ಆಯಿ?" ಎಂದ.

"ಕೆಲಸಿತ್ತು" ಎಂದು ಪಂಗತಿಯ ಕೊನೆಯಲ್ಲಿ ಕುಳಿತೆ.