ಸಾಲಿನ ಮುಂದೆ ಇದ್ದವರು

ಸೈಕಲ್ ರೇಸಿನಲ್ಲಿ ಸಾಲಾಗಿ ಹೋಗುವಾಗ ಹಿಂದಿನವನಿಗೆ ರಸ್ತೆ ಕಾಣುವುದಿಲ್ಲ. ಮುಂದಿನ ಸೈಕಲ್ಲಿನ ಚಕ್ರ, ಅದರ ಮೇಲೊಂದು ಬೆನ್ನು, ಅಷ್ಟೇ. ಗಾಳಿ ತಪ್ಪಿಸಿಕೊಳ್ಳಲು ಗೇಣು ಅಂತರದಲ್ಲಿ ಅಂಟಿಕೊಂಡಿರುತ್ತೇವೆ. ಎಲ್ಲರ ಪರವಾಗಿ ರಸ್ತೆ ನೋಡುವವನು ಎಲ್ಲರಿಗಿಂತ ಮುಂದಿರುವವನು. ನಮ್ಮದು ತೆಂಗಿನ ಸೀಮೆ, ಗಾಳಿ ಬೀಸಿದ ಮೇಲೆ ರಸ್ತೆ ತುಂಬ ಉದುರಿದ ತೆಂಗಿನ ಗರಿ. ಅವನು "ಗರಿ!" ಎಂದು ಕೂಗಿದರೆ ಪಕ್ಕಕ್ಕೆ ಸರಿಯುತ್ತೇವೆ. ಎಲ್ಲಿ, ಯಾಕೆ ಎಂದು ಯಾರೂ ಕೇಳುವುದಿಲ್ಲ.

ನಮ್ಮ ನಾಲ್ವರ ತಂಡದಲ್ಲಿ ಮುಂದಿರುತ್ತಿದ್ದವರು ಅಣ್ಣ. ಒಡಹುಟ್ಟಿದವರಲ್ಲ; ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು, ನಮಗೆಲ್ಲ ಈ ಹುಚ್ಚು ಹಿಡಿಸಿದವರು. ಎಷ್ಟೇ ಎದುರುಗಾಳಿ ಇರಲಿ, ಈಚೆಗಂತೂ ಮುಂದಿನ ಜಾಗ ಬಿಟ್ಟುಕೊಡುತ್ತಲೇ ಇರಲಿಲ್ಲ. "ಅಣ್ಣಂಗೆ ಜಂಬ" ಎಂದು ನಾವು ಮೂವರೂ ಆಡಿಕೊಳ್ಳುತ್ತಿದ್ದೆವು, ಅವರ ಬೆನ್ನ ಮರೆಯಲ್ಲೇ ಸುಖವಾಗಿ ಬರುತ್ತ.

ಈ ಸಲ ಯುಗಾದಿ ಕಳೆದ ಮೇಲೆ ಅವರ ಕೂಗು ತಡವಾಗತೊಡಗಿತು. ಒಮ್ಮೆ ಬಿಳಿಗೆರೆ ಹತ್ತಿರ ಬೆಳಗಿನ ಬಿಸಿಲಲ್ಲಿ ತೆಂಗಿನ ಮರದ ನೆರಳಿಗೆ "ಗರಿ!" ಎಂದರು. ನಾವು ಬಿದ್ದು ಬಿದ್ದು ನಕ್ಕೆವು. ಅವರೂ ನಕ್ಕರು, ಆ ನಗು ನನಗೆ ಸರಿ ಕಾಣಲಿಲ್ಲ. ಇನ್ನೊಂದು ದಿನ ಟೀ ಕುಡಿಯುವಾಗ ಎದುರಿಗೇ ನಿಂತ ಬಸ್ಸು ಯಾವ ಊರಿನದೆಂದು ನನ್ನನ್ನು ಕೇಳಿದರು. ಅವರಿಗೆ ಸಕ್ಕರೆ ಕಾಯಿಲೆ.

"ಕಣ್ಣು ತೋರ್ಸಣ್ಣ" ಎಂದೆ.

"ತೋರಿಸ್ತೀನಿ ಬುಡ್ಲಾ" ಎಂದು ಲೋಟ ಇಟ್ಟು ಸೈಕಲ್ ಹತ್ತಿದರು.

ಉಳಿದಿಬ್ಬರಿಗೆ ಹೇಳಿದರೆ ಸಾಲಿನ ಮುಂದಿನ ಜಾಗವನ್ನು ಅವರಿಂದ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಯಾರದ್ದಾದರೂ ಮೂಳೆ ಮುರಿಯುತ್ತದೆ.

ಇಷ್ಟರಲ್ಲಿ ರೇಸು ಬಂತು. ತುರುವೇಕೆರೆಯಿಂದ ಕಿಬ್ಬನಹಳ್ಳಿ ಮೇಲೆ ಚಿಕ್ಕನಾಯಕನಹಳ್ಳಿಗೆ. ತಂಡದ ಮೂವರಾದರೂ ಮುಟ್ಟಿದರೆ ಮಾತ್ರ ಲೆಕ್ಕ. ಹೊರಟಾಗಲೇ ಹಾಳು ಮಳೆ, ಮುಖಕ್ಕೆ ರಾಚುವ ಗಾಳಿ. ಅಣ್ಣ ಎಂದಿನಂತೆ ಮುಂದೆ, ನಾನು ಅವರ ಹಿಂದೆ. ಊರು ದಾಟಿದ ಸ್ವಲ್ಪ ಹೊತ್ತಿಗೆ ಅವರು ಒಂದು ಗರಿಯ ತುದಿಯ ಮೇಲೇ ಹತ್ತಿಸಿದರು. ಕೂಗು ಬರಲೇ ಇಲ್ಲ. ನಾನು ಹೇಗೋ ತಪ್ಪಿಸಿಕೊಂಡೆ. ನನ್ನ ಹಿಂದಿನವನು ಜಾರಿ, ಸಾವರಿಸಿಕೊಂಡು ಬೈದ.

ಆಮೇಲೆ ನಾನು ಅವರ ಮರೆಯಿಂದ ತಲೆ ಹೊರಗೆ ಹಾಕಿ ನಾನೇ ರಸ್ತೆ ನೋಡತೊಡಗಿದೆ. "ಅಣ್ಣ, ಎಡಕ್ಕೆ ಗರಿ!" ಎಂದರೆ ಅವರು ಬಲಕ್ಕೆ ಸರಿಯುತ್ತಿದ್ದರು. "ಗುಂಡಿ!" ಎಂದರೆ ನಿಧಾನ. ಒಂದು ಮಾತೂ ಆಡದೆ ನನ್ನ ಬಾಯಿ ಹೇಳಿದ ಹಾಗೇ ಹೋಗುತ್ತಿದ್ದರು. ಅದು ನನಗೆ ಇನ್ನೂ ಭಯ ಹುಟ್ಟಿಸಿತು.

ಕಿಬ್ಬನಹಳ್ಳಿ ಇನ್ನೂ ಸ್ವಲ್ಪ ದೂರವಿದ್ದಾಗ ರಸ್ತೆ ತುಂಬ ಕುರಿಮಂದೆ. ಮಳೆಗೆ ನೆನೆದ ಕರಿ ಕುರಿಗಳು. ಅಣ್ಣ ವೇಗ ತಗ್ಗಿಸಲೇ ಇಲ್ಲ. "ಕುರಿ, ಕುರಿ! ನಿಲ್ಸಣ್ಣ!" ಎಂದು ಗಂಟಲು ಹರಿಯುವಂತೆ ಕಿರುಚಿದೆ. ನಾಲ್ವರೂ ಒಬ್ಬರ ಮೇಲೊಬ್ಬರು ಬೀಳದೆ ನಿಂತದ್ದೇ ಪುಣ್ಯ. ಕುರಿಯವನು ಬಯ್ಯುತ್ತಲೇ ಮಂದೆ ಹೊಡೆದುಕೊಂಡು ಹೋದ.

ನನ್ನ ಸಿಟ್ಟು ನೆತ್ತಿಗೇರಿತು. "ಸಾಕಣ್ಣ! ನಮ್ಮನ್ನ ಸಾಯಿಸ್ತೀಯಾ? ಹಿಂದಕ್ಕೆ ಬಾ. ಮುಂದೆ ಇರೋ ಆಸೆಗೆ ಒಂದು ಮಿತಿ ಬೇಡ್ವಾ?"

ಅಣ್ಣ ಕನ್ನಡಕ ತೆಗೆದು ಒದ್ದೆ ಅಂಗಿಗೆ ಒರೆಸಿದರು.

"ಆಸೆ ಅಲ್ಲ ಕಣ್ಲಾ. ಹಿಂದಕ್ಕೆ ಬಂದ್ರೆ ನಿಮ್ಮ ಚಕ್ರ ಎಲ್ಲೈತೆ ಅಂತ ಗೊತ್ತಾಗಲ್ಲ, ಗುದ್ದಿಬುಡ್ತೀನಿ. ಮುಂದಿದ್ರೆ ರಸ್ತೆ ಅಂಚಿನ ಬಿಳಿ ಗೆರೆ ಹಿಡ್ಕಂಡು ಹೆಂಗೋ ಹೋಗ್ತೀನಿ."

ಜಂಬ ಎಂದು ಆಡಿಕೊಂಡ ಮೂವರೂ ಅಲ್ಲೇ ನಿಂತಿದ್ದೆವು. ಬೇರೆ ತಂಡವೊಂದು ನೀರು ಎರಚುತ್ತ ನಮ್ಮನ್ನು ದಾಟಿಹೋಯಿತು.

"ಮೂರು ಜನ ಸಾಕಲ್ಲ, ನಡೀರಿ. ನಾನು ಬಸ್ಸಿಗೆ ಬತ್ತೀನಿ" ಎಂದರು ಅಣ್ಣ.

ಯಾವ ಬಸ್ಸು ಎಂದು ಯಾರನ್ನು ಕೇಳಿ ಹತ್ತುತ್ತಾರೆ? ನನಗೆ ಅಳು ಬಂತು. ನಾನು ಸೈಕಲ್ ಇಳಿದೆ. ಉಳಿದಿಬ್ಬರೂ ಇಳಿದರು. ಅಣ್ಣನನ್ನು ನಡುವೆ ಬಿಟ್ಟುಕೊಂಡು ಕಿಬ್ಬನಹಳ್ಳಿ ಕಡೆಗೆ ಸೈಕಲ್ ತಳ್ಳಿಕೊಂಡು ಹೊರಟೆವು. ಗಾಳಿ ನಿಂತಿರಲಿಲ್ಲ.

"ಅಣ್ಣ, ಮುಂದೆ ನೀರು ನಿಂತೈತೆ" ಎಂದೆ.

"ನಡೆಯೋವಾಗ ಕಾಣ್ತೈತೆ, ಸುಮ್ನಿರ್ಲಾ" ಎಂದು ಗದರಿದರು. ಎರಡು ಹೆಜ್ಜೆ ಇಟ್ಟು ನಿಂತರು. "ಯಾವ ಕಡೆ?" ಎಂದರು.