ಐದರವರೆಗೆ ಎಣಿಕೆ

ಮೇಸ್ತ್ರಿಯ ಅಂಗಡಿಯಲ್ಲಿ ಶಾಖ ಅಳೆಯುವ ಮೀಟರು ಯಾವತ್ತೂ ಇರಲಿಲ್ಲ. ದೋಣಿಯ ಮೋಟರನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಬಿಟ್ಟು, ಹತ್ತು ನಿಮಿಷ ಓಡಿಸಿ, ಮುಚ್ಚಳ ತೆಗೆದು, ಇಂಜಿನ್ನಿನ ನೆತ್ತಿಯ ಮೇಲೆ ಬಲ ಅಂಗೈ ಇಡುತ್ತಿದ್ದ. ಐದು ಎಣಿಸುವವರೆಗೆ ಕೈ ತಾಳಿಕೊಂಡರೆ ಇಂಜಿನ್ನು ಕ್ಷೇಮ. ಎರಡಕ್ಕೋ ಮೂರಕ್ಕೋ ಕೈ ಕಿತ್ತುಕೊಂಡರೆ, ಅದನ್ನು ತಂಪಾಗಿಡುವ ನೀರು ಒಳಗೆಲ್ಲೋ ಕಟ್ಟಿಕೊಂಡಿದೆ ಎಂದರ್ಥ. ಇಷ್ಟೇ ಅವನ ಶಾಸ್ತ್ರ.

"ನನ್ನ ಕೈ ಸುಳ್ಳು ಹೇಳಿದ ದಿನ ಅಂಗಡಿ ಬಾಗಿಲು ಹಾಕ್ತೀನಿ," ಎಂದು ಬಂದವರೆದುರು ಜಂಬ ಕೊಚ್ಚಿಕೊಳ್ಳುತ್ತಿದ್ದ. ಆಗ ಹಾಗೆನ್ನುವುದು ಸುಲಭವಾಗಿತ್ತು.

ಆಗ ಎಂದರೆ, ಹೊಳೆಯ ಕಟ್ಟೆಯ ಬಳಿ ಜನರನ್ನು ದಾಟಿಸುವ ಹದಿನಾಲ್ಕು ದೋಣಿಗಳು ನಿಲ್ಲುತ್ತಿದ್ದ ಕಾಲ. ಬೆಳಗಾದರೆ ಅಂಗಡಿ ಮುಂದೆ ಹೊಗೆ, ಪೆಟ್ರೋಲಿನ ವಾಸನೆ, 'ನಂದು ಮೊದಲು, ನಿಂದು ಆಮೇಲೆ' ಎಂಬ ಜಗಳ. ಮದುವೆಯಾದ ಹೊಸತರಲ್ಲಿ, ಊಟದ ಡಬ್ಬಿ ತಂದ ಹೆಂಡತಿಯ ಕೈ ಹಿಡಿದು ಇಂಜಿನ್ನಿನ ಮೇಲಿಟ್ಟು, "ಎಣಿಸು ನೋಡೋಣ," ಎಂದಿದ್ದ. ಎರಡಕ್ಕೇ ಅವಳು ಚೀರಿ, ಡಬ್ಬಿ ಬೀಳಿಸಿ, ಎಲ್ಲರೆದುರು ಅವನ ಬೆನ್ನಿಗೊಂದು ಗುದ್ದಿದ್ದಳು. ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕವರಲ್ಲಿ ಈಗ ಉಳಿದವರು ಎಷ್ಟು ಜನ? ಸೇತುವೆ ಬಂತು, ದೋಣಿಗಳು ಮೂರಕ್ಕಿಳಿದವು. ಆ ಬೆಳಗುಗಳಿಗಾಗಿ ಮೇಸ್ತ್ರಿ ಈಗಲೂ ಹಂಬಲಿಸುತ್ತಿದ್ದ. ಅದನ್ನವನು ಯಾರಿಂದಲೂ ಮುಚ್ಚಿಡುತ್ತಿರಲಿಲ್ಲ.

ಮುಚ್ಚಿಟ್ಟದ್ದು ಬೇರೊಂದನ್ನು. ವರ್ಷದಿಂದ ಅವನ ಎರಡೂ ಕೈಗಳು ಜೋಮು ಹಿಡಿದಂತಿದ್ದವು. ಚಿಕ್ಕ ಸ್ಕ್ರೂ ಬೆರಳಿಗೆ ಸಿಕ್ಕಿತೋ ಜಾರಿತೋ ಎಂಬುದನ್ನು ಕಣ್ಣಿಂದ ನೋಡಿ ತಿಳಿಯಬೇಕಿತ್ತು. ನರದ ತೊಂದರೆ ಎಂದು ಡಾಕ್ಟರು ಕೊಟ್ಟ ಮಾತ್ರೆಗಳನ್ನು ವಾಷರುಗಳ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ. ಹೆಂಡತಿಯೆದುರು ತುಟಿ ಬಿಚ್ಚಿರಲಿಲ್ಲ. ಅವಳೋ, ಅದೇನು ಹುಕಿಯೋ, ಈಚೆಗೆ ಸ್ಟೀಲ್ ಲೋಟ ಬಿಟ್ಟು ಹಿಡಿಯಿರುವ ಕಪ್ಪಿನಲ್ಲಿ ಅವನಿಗೆ ಚಹಾ ಕೊಡತೊಡಗಿದ್ದಳು.

"ನಾನೇನು ನೆಂಟನಾ, ಕಪ್ಪು ಬಸಿ ಎಲ್ಲ?" ಎಂದು ಗೊಣಗಿದರೆ, "ಲೋಟ ಸೋರುತ್ತೆ," ಎಂದಿದ್ದಳು.

ಹೀಗಿರುವಾಗ ಅವಳ ತಮ್ಮ ಹಳೆಯ ಪುಟ್ಟ ಮೋಟರೊಂದನ್ನು ಕೊಂಡು ತಂದ. ಉಳಿದ ಮೂರು ದೋಣಿಗಳಲ್ಲೊಂದು ಅವನದು. ಮೋಟರು ಅರ್ಧ ದಾರಿಗೇ ಕಾದು ನಿಂತುಬಿಡುತ್ತಿತ್ತು. ಮೇಸ್ತ್ರಿ ಕೆಳಗಿನ ಪಂಪು ಬಿಚ್ಚಿದ. ನೀರೆತ್ತುವ ರಬ್ಬರ್ ಚಕ್ರದ ಎಸಳುಗಳು ಹರಿದಿದ್ದವು. ಹೊಸದು ಹಾಕಿದ ಮೇಲೆ ಹಿಂಬದಿಯ ತೂತಿನಿಂದ ನೀರು ಧಾರೆಯಾಗಿ ಚಿಮ್ಮಿತು. ಕೈ ಇಟ್ಟ, ಐದು ಎಣಿಸಿದ, "ತಗೊಂಡ್ಹೋಗು," ಎಂದ.

ಮರುದಿನ ಮಧ್ಯಾಹ್ನ ಭಾವಮೈದುನ ಹುಟ್ಟು ಹಾಕಿಕೊಂಡು ವಾಪಸ್ಸು ಬಂದ.

"ಭಾವ, ನಡುನೀರಲ್ಲಿ ಮತ್ತೆ ನಿಂತೋಯ್ತು. ದೋಣೀಲಿದ್ದ ಅಜ್ಜಿ ನನ್ನ ವಂಶಾನೇ ಜಾಲಾಡಿಬಿಟ್ಟಳು!"

"ನಿಂಗೆ ಓಡ್ಸೋಕೆ ಬರಲ್ಲ," ಎಂದು ಮೇಸ್ತ್ರಿ ಸಿಡುಕಿದ. ಒಳಗೆ ಅಳುಕಿದ್ದಾಗ ಅವನಿಗೆ ಸಿಟ್ಟು ಜಾಸ್ತಿ.

ಮೋಟರು ಮತ್ತೆ ಡ್ರಮ್ಮಿಗಿಳಿಯಿತು. ಹತ್ತು ನಿಮಿಷ ಓಡಿದ ಮೇಲೆ ಮೇಸ್ತ್ರಿ ನಿಲ್ಲಿಸಿ, ಮುಚ್ಚಳ ತೆಗೆದು ಅಂಗೈ ಇಟ್ಟ. ಒಂದು, ಎರಡು, ಮೂರು. ಐದು ದಾಟಿ ಎಂಟಕ್ಕೆ ಬಂದ. "ನೋಡು, ಏನಾಗಿದೆ ಇದಕ್ಕೆ?"

ಭಾವಮೈದುನ ಪಕ್ಕದಲ್ಲಿ ಬೆರಳು ತಾಗಿಸಿದವನೇ ಹೌಹಾರಿದ. "ಅಯ್ಯೋ, ಕೈ ತೆಗೀರಿ ಭಾವ! ಸುಡ್ತಿದೆ!"

ಮೇಸ್ತ್ರಿ ಅಂಗೈ ತಿರುಗಿಸಿ ನೋಡಿದ. ಕೆಂಪಗಾಗಿ ಬೊಬ್ಬೆ ಏಳುತ್ತಿತ್ತು. ನೋವು ಮಾತ್ರ ಇರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕುಸಿದ.

"ಮುಗೀತು. ಬಾಗಿಲು ಹಾಕಿಬಿಡೋಣ."

ತಮ್ಮನ ಕೂಗು ಕೇಳಿ ಹಿಂದಿನ ಮನೆಯಿಂದ ಹೆಂಡತಿ ಓಡಿಬಂದಳು. ಕೈಯನ್ನು ತಣ್ಣೀರಲ್ಲಿ ಅದ್ದಿಸಿ, ತೆಳು ಬಟ್ಟೆ ಸುತ್ತಿದಳು. ಅವಳ ಮುಖದಲ್ಲಿ ಗಾಬರಿಯಿತ್ತು, ಆಶ್ಚರ್ಯವಿರಲಿಲ್ಲ. ಅದನ್ನು ಅವನು ಗಮನಿಸಿದ.

"ನಿಂಗೆ ಯಾವಾಗಿಂದ ಗೊತ್ತು?"

"ಆರು ತಿಂಗಳಾಯ್ತು. ಕುದಿಯೋ ಚಹಾದ ಲೋಟ ಬರೀ ಕೈಯಲ್ಲಿ ಹಿಡ್ಕೊಂಡು ಆರಾಮಾಗಿ ಪೇಪರ್ ಓದ್ತಿದ್ರಿ. ಕಪ್ಪು ಮತ್ಯಾಕೆ ತಂದೆ ಅಂದ್ಕೊಂಡ್ರಿ? ಸ್ಟೀಲ್ ಲೋಟ ಸೋರುತ್ತೆ ಅಂದ್ರೆ ನಂಬಿಬಿಟ್ರಲ್ಲ, ನೀವೆಂಥ ಮೇಸ್ತ್ರಿ!"

ಭಾವಮೈದುನ ನಗು ತಡೆಯಲು ಬೇರೆ ಕಡೆ ತಿರುಗಿದ. ಅವಳು ಮೋಟರಿನತ್ತ ಕೈ ತೋರಿಸಿದಳು. "ಈಗ ಹೇಳಿ. ನೀರೇನೋ ಚೆನ್ನಾಗಿ ಚಿಮ್ಮುತ್ತೆ, ಆದ್ರೂ ಕಾಯುತ್ತೆ. ಹಾಗಾದ್ರೆ ಏನು?"

"ಥರ್ಮೋಸ್ಟಾಟ್ ಅಂಟ್ಕೊಂಡಿದೆ," ಎಂದ, ಯೋಚಿಸದೆಯೇ. "ಬಿಸಿಯಾದಾಗ ತೆರ್ಕೊಂಡು ಒಳಗಿನ ನೀರು ಹರಿಯೋಕೆ ಬಿಡೋ ಪುಟ್ಟ ಬಾಗಿಲು ಅದು."

"ಇದನ್ನ ಹೇಳಿದ್ದು ನಿಮ್ಮ ಕೈಯಾ?"

ಮೇಸ್ತ್ರಿ ಎಡಗೈಯಿಂದ ಸ್ಪ್ಯಾನರನ್ನು ಭಾವಮೈದುನನತ್ತ ಚಾಚಿದ.

ಇಂಜಿನ್ನು ಆರಿದ ಮೇಲೆ ಭಾವಮೈದುನ ಬೋಲ್ಟು ಬಿಚ್ಚಿದ. ಒಳಗಿದ್ದ ಬಿಲ್ಲೆಯಷ್ಟು ದೊಡ್ಡ ಭಾಗ ಬಿಳಿ ಕಿಟ್ಟ ಕಟ್ಟಿಕೊಂಡು ಕೂತಿತ್ತು. ಕುದಿನೀರಿಗೆ ಹಾಕಿದರೂ ಬಾಯಿ ಬಿಡಲಿಲ್ಲ. ಮೇಸ್ತ್ರಿ ಹೇಳುತ್ತಾ ಹೋದ. ಭಾವಮೈದುನ ಅದು ಕೂತಿದ್ದ ಜಾಗದ ಕಿಟ್ಟ ಕೆರೆದು ಹೊಸದು ಕೂರಿಸಿದ. ಮತ್ತೆ ಡ್ರಮ್ಮು, ಮತ್ತೆ ಹತ್ತು ನಿಮಿಷ.

ಅಭ್ಯಾಸಬಲದಿಂದ ಬಟ್ಟೆ ಸುತ್ತಿದ ಕೈ ಮುಂದಕ್ಕೆ ಹೋಯಿತು. ಹೆಂಡತಿ ಅದನ್ನು ಪಕ್ಕಕ್ಕೆ ಸರಿಸಿ ತನ್ನ ಅಂಗೈಯನ್ನೇ ಇಂಜಿನ್ನಿನ ಮೇಲೆ ಊರಿದಳು.

"ಒಂದು. ಎರಡು."

ಮೇಸ್ತ್ರಿ ಉಸಿರು ಬಿಗಿಹಿಡಿದು ಅವಳ ಮುಖವನ್ನೇ ನೋಡಿದ. ಅವಳು ಚೀರಲಿಲ್ಲ.

"ಮೂರು. ನಾಲ್ಕು. ಐದು." ಕೈ ತೆಗೆಯದೆ ಅವನತ್ತ ತಿರುಗಿದಳು. "ಬಾಗಿಲು ಹಾಕೋದಾ?"

ಅವನ ಕಣ್ಣುಗಳು ತುಂಬಿದವು. ಭಾವಮೈದುನನ ಎದುರಿಗೇ ಒರೆಸಿಕೊಂಡ.

"ನಾಳೆ ಎಂಟಕ್ಕೆ ತೆಗೀಬೇಕು," ಎಂದ. "ನೀನೂ ಬಾ."